ಬಂದವರಿಗೆ ಮೊಟ್ಟೆ

ಮೂರನೆಯ ಬಟ್ಟಲು ಬಂದಾಗ ತಸ್ಸಾದಿತ್ ಬಾಗಿಲನ್ನು ಅರ್ಧವಷ್ಟೇ ತೆರೆದಳು. ಹೊರಗಿದ್ದವಳು ನೆರೆಯ ಹೆಂಗಸು. ಬಟ್ಟೆ ಮುಚ್ಚಿದ ಬಟ್ಟಲು ಒಳಗೆ ಬಂತು, ಬಾಗಿಲು ಮುಚ್ಚಿಕೊಂಡಿತು. ಅದರಲ್ಲೂ ಮೊಟ್ಟೆಗಳೇ.

"ಎಷ್ಟು ಗುಟ್ಟಾಗಿ ಬಂದಿದೀಯ ನೋಡು," ಎಂದಳು ಅವನ್ನು ಒಂದೊಂದಾಗಿ ಮೂಲೆಯ ಬುಟ್ಟಿಯಲ್ಲಿ ಇಡುತ್ತ. "ಇಡೀ ಊರಿಗೆ ಗೊತ್ತಿರೋ ಗುಟ್ಟು."

ಒಳಗೆ ಕೂತಿದ್ದ ದಾಲ್ವಾ ನಗಲು ನೋಡಿದಳು, ಆಗಲಿಲ್ಲ. ಕಬೀಲಿಯಾದ ಈ ಬೆಟ್ಟದೂರಿನಲ್ಲಿ ಬಂದವರಿಗೂ ಮೊಟ್ಟೆ, ಬಾಣಂತಿಗೂ ಮೊಟ್ಟೆ. ಯಾರ ಮನೆಗೋ ನೆಂಟರು ಬಂದರೆಂದು ಕಿವಿಗೆ ಬಿದ್ದರೆ ಸಾಕು, ಇಲ್ಲಿಯ ಹೆಂಗಸರ ಕೈ ಸುಮ್ಮನಿರುವುದಿಲ್ಲ. ನಿನ್ನೆ ಅವಳು ಊರ ಹೊರಗೇ ಟ್ಯಾಕ್ಸಿ ಇಳಿದು, ತಲೆವಸ್ತ್ರವನ್ನು ಹಣೆಯವರೆಗೆ ಎಳೆದುಕೊಂಡು, ಮುಸ್ಸಂಜೆಯ ಮಬ್ಬಿನಲ್ಲಿ ಗೋಡೆ ಸವರಿಕೊಂಡು ಬಂದಿದ್ದಳು. ದಾರಿಯಲ್ಲಿ ಒಂದು ಕಿಟಕಿಯೂ ತೆರೆದಿರಲಿಲ್ಲ. ತೆರೆಯದ ಕಿಟಕಿಗೂ ಕಣ್ಣಿರುತ್ತದೆ ಎಂಬುದನ್ನು ಅವಳು ಬ್ರೆಜಿಲ್‌ನಲ್ಲಿ ಕೂತು ಮರೆತೇಬಿಟ್ಟಿದ್ದಳು.

ಹಿಂದೆ ಮಿಷನ್ನಿನ ದಾದಿಯಾಗಿ ಬಂದ ದಾಲ್ವಾ ಈ ಊರಿನಲ್ಲಿ ಹತ್ತು ವರ್ಷ ಬಾಳಿದ್ದಳು. ಹಗಲು ಗಾಯಕ್ಕೆ ಪಟ್ಟಿ, ಸಂಜೆ ನಾಲ್ಕೈದು ಮನೆಯವರೊಡನೆ ಹಾಡು, ಪ್ರಾರ್ಥನೆ. ಆಮೇಲೆ ಪೇಟೆಯ ಪ್ರಾರ್ಥನಾ ಮಂದಿರಕ್ಕೆ ಬೀಗಮುದ್ರೆ ಬಿತ್ತು, ಅವಳ ವೀಸಾ ಮುಗಿಯಿತು. ತಸ್ಸಾದಿತ್‌ಳ ಗಂಡ ಮೊಕ್ರಾನ್ ಹಿತ್ತಿಲ ಕೋಣೆಯಲ್ಲಿ ಪ್ರಾರ್ಥನೆ ನಡೆಸಿಕೊಂಡು ಬಂದ. ಸರ್ಕಾರದ ಅನುಮತಿಯಿಲ್ಲದ ಕ್ರೈಸ್ತ ಪ್ರಾರ್ಥನೆ ಇಲ್ಲಿ ಅಪರಾಧ, ಯಾರೋ ದೂರು ಕೊಟ್ಟರು. ಈ ಸಲಕ್ಕೆ ಬಿಟ್ಟಿದ್ದೇವೆ, ಇನ್ನೊಂದು ದೂರು ಬಂದರೆ ನೇರ ಜೈಲು ಎಂದಿತು ನ್ಯಾಯಾಲಯ. ಹೋಗಬೇಡ ಎಂದು ಮಿಷನ್ನಿನ ಹಿರಿಯರು ಬಡಿದುಕೊಂಡರೂ ಕೇಳದೆ ದಾಲ್ವಾ ಪ್ರವಾಸಿ ವೀಸಾದಲ್ಲಿ ಹೊರಟು ಬಂದಿದ್ದಳು. ಇವತ್ತು ಸಂಜೆ ಅದೇ ಕೋಣೆಯಲ್ಲಿ ಎಲ್ಲರೂ ಸೇರುವುದಿತ್ತು. ವರ್ಷಗಟ್ಟಲೆ ಬೇಡಿಕೊಂಡ ದಿನ ಕೊನೆಗೂ ಬಂದಿತ್ತು, ಆದರೆ ಅವಳ ಮುಂದಿನ ಕಾಫಿ ಹಾಗೇ ಆರುತ್ತಿತ್ತು.

"ನಾನು ಬರಬಾರದಾಗಿತ್ತು."

"ಬಾ ಅಂದೋಳು ನಾನು. ಸುಮ್ನೆ ಕಾಫಿ ಕುಡಿ."

"ಮೊಕ್ರಾನ್ ಏನಂದ?"

"ಅವನೇನಂತಾನೆ? ಬೆಳಿಗ್ಗೆ ಎದ್ದು ಗಾಣಕ್ಕೆ ಹೋದ. ಬೂಟಿನ ದಾರ ಕಟ್ಟೋಕೇ ಆಗ್ಲಿಲ್ಲ ಅವನಿಗೆ, ನಾನೇ ಕಟ್ಟಿದೆ. ಚಳಿಗೆ ಕೈ ನಡುಗ್ತಿದೆ ಅಂದ." ತಸ್ಸಾದಿತ್ ತಲೆವಸ್ತ್ರದ ಅಂಚಿನಿಂದ ಮೂಗೊರೆಸಿಕೊಂಡಳು. "ನಾನೂ ಚಳಿ ಅಂತಾನೇ ಅಂದೆ."

ಮತ್ತೆ ಬಾಗಿಲು ಬಡಿಯಿತು. ಈ ಸಲ ಹೊಸ್ತಿಲಾಚೆ ನಿಂತಿದ್ದವಳು ವರ್ದಿಯಾ, ಊರ ಮುಖ್ಯಸ್ಥ ಬೆಲಾಯಿದ್‌ನ ಹೆಂಡತಿ. ನಿಮ್ಮ ಪ್ರಾರ್ಥನೆ ನಮ್ಮ ಊರಿಗೆ ಪೊಲೀಸರನ್ನು ತರುತ್ತದೆ ಎಂದು ಊರ ಸಭೆಯಲ್ಲಿ ಎದ್ದು ನಿಂತು ಹೇಳಿದವನು ಬೆಲಾಯಿದ್. ಅಂದಿನಿಂದ ಎರಡು ಮನೆಗಳಿಗೂ ಮಾತಿಲ್ಲ. ವರ್ದಿಯಾಳ ಸೊಸೆ ಹೆತ್ತು ವಾರವಾಗಿತ್ತು, ಮಗು ನೋಡಲು ಊರೆಲ್ಲ ಹೋದರೂ ತಸ್ಸಾದಿತ್ ಹೋಗಿರಲಿಲ್ಲ.

"ಒಳಗೆ ಬಾ ದೊಡ್ಡಮ್ಮ."

"ಬರೋಳಾಗಿದ್ರೆ ಯಾವತ್ತೋ ಬರ್ತಿದ್ದೆ. ತಗೋ." ವರ್ದಿಯಾ ತಟ್ಟೆಯನ್ನು ಅವಳ ಕೈಗೆ ತುರುಕಿದಳು. ಅವಳ ಕಣ್ಣು ತಸ್ಸಾದಿತ್‌ಳ ಭುಜದ ಮೇಲಿಂದ ಹಾದು ದಾಲ್ವಾಳ ಮೇಲೆ ನಿಂತಿತು. "ಸೊರಗಿ ಹೋಗಿದೀಯಲ್ಲೇ, ದಾದಿ," ಎಂದವಳೇ ತಿರುಗಿ ಹೊರಟಳು.

ಬಟ್ಟೆ ತೆಗೆದರೆ ಮೊಟ್ಟೆಯಿರಲಿಲ್ಲ. ರೊಟ್ಟಿ ಮತ್ತು ಒಣ ಅಂಜೂರ. ದಾಲ್ವಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ಹೊರಟು ನಿಂತವರಿಗೆ ಕಟ್ಟಿಕೊಡುವ ಬುತ್ತಿ. ಹಿಂದೆ ಅವಳು ಊರು ಬಿಟ್ಟ ದಿನ ಇಂಥ ಬುತ್ತಿಗಳನ್ನು ಹೊರಲಾರದೆ ಹೊತ್ತಿದ್ದಳು.

"ಹೋಗು ಅಂತಿದಾಳೆ," ಎಂದಳು. "ನನ್ನ ಕಂಡ್ರೆ ಅಷ್ಟೊಂದು ಆಗಲ್ವಾ ಅವಳಿಗೆ?"

ರೊಟ್ಟಿಯ ಮೇಲೆ ಕೈಯಿಟ್ಟ ತಸ್ಸಾದಿತ್ ಬೆರಳುಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ಬಿಸಿ ಇದೆ ಕಣೇ."

"ಇದ್ರೇನೀಗ?"

"ದಾರಿ ರೊಟ್ಟಿನ ಹಿಂದಿನ ದಿನವೇ ಸುಟ್ಟು, ಆರಿಸಿ ಕಟ್ತಾರೆ. ಇದನ್ನ ಈಗಷ್ಟೇ ಸುಟ್ಟು ಓಡಿಬಂದಿದಾಳೆ. ಠಾಣೆಯಿಂದ ಅವಳ ಗಂಡನಿಗೆ ಫೋನ್ ಬಂದಿರ್ಬೇಕು, ಪೊಲೀಸರು ಹೊರಟಿದಾರೆ. ಏಳು. ಏಳೇ!"

ಆಮೇಲೆ ಮಾತಿಗೆ ಪುರುಸೊತ್ತಿರಲಿಲ್ಲ. ತಸ್ಸಾದಿತ್ ತನ್ನ ಪಟ್ಟೆಪಟ್ಟೆ ಸೊಂಟವಸ್ತ್ರವನ್ನು ಬಿಚ್ಚಿ ಅವಳಿಗೆ ಕಟ್ಟಿ, ರೊಟ್ಟಿಯನ್ನು ಅದರ ಮಡಿಕೆಗೆ ಸಿಕ್ಕಿಸಿದಳು. ಪ್ರಯಾಣದ ಚೀಲ ಹುಲ್ಲಿನ ಮೆದೆಯೊಳಕ್ಕೆ ಹೋಯಿತು.

"ಹಿತ್ತಿಲಿಂದ ಆಲಿವ್ ತೋಟಕ್ಕಿಳಿ. ಹೆಂಗಸರು ಕಾಯಿ ಕೀಳ್ತಿದಾರೆ, ಅವರ ಜೊತೆ ಸೇರ್ಕೋ. ಬಾಯಿ ಮಾತ್ರ ಬಿಡಬೇಡ. ನಿನ್ನ ಕಬೀಲಿ ಭಾಷೆ ಕೇಳಿದ್ರೆ ಕತ್ತೆನೂ ತಿರುಗಿ ನೋಡುತ್ತೆ."

ಇಬ್ಬರೂ ಕೈ ಹಿಡಿದುಕೊಂಡು ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರು. "ಸ್ವಾಮೀ" ಎಂಬುದರಾಚೆಗೆ ಇಬ್ಬರಿಗೂ ಏನೂ ಬಾಯಿಗೆ ಬರಲಿಲ್ಲ.

ತೋಟದಲ್ಲಿ ಯಾರೂ ಅವಳತ್ತ ನೋಡಲಿಲ್ಲ. ಒಬ್ಬಳು ಬಕೆಟ್ಟನ್ನು ಕಾಲಿನಿಂದ ಇವಳ ಕಡೆ ತಳ್ಳಿದಳು, ಇನ್ನೊಬ್ಬಳು ತುಸು ಸರಿದು ಕೊಂಬೆ ಬಿಟ್ಟುಕೊಟ್ಟಳು, ಅಷ್ಟೆ. ದಾಲ್ವಾ ಕೀಳತೊಡಗಿದಳು. ಕಾಯಿಗಿಂತ ಎಲೆಯೇ ಹೆಚ್ಚು ಉದುರುತ್ತಿತ್ತು. ಕೆಳಗಿನ ತಿರುವಿನಲ್ಲಿ ಜೀಪಿನ ಸದ್ದು ಕೇಳಿಸಿತು. ಹಾಡು ಹೇಳುತ್ತಿದ್ದ ಹೆಂಗಸರು ನಿಲ್ಲಿಸಲಿಲ್ಲ, ದನಿ ಮಾತ್ರ ಸಣ್ಣದಾಯಿತು. ಜೀಪು ತೋಟವನ್ನು ದಾಟಿ ಮೇಲಕ್ಕೆ ಹೋಯಿತು.

ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಅವಳಿಗೆ ಬುಟ್ಟಿ ನೆನಪಾಯಿತು. ತಸ್ಸಾದಿತ್‌ಳ ಮನೆಯಲ್ಲಿ ಒಂದು ಕೋಳಿಯೂ ಇಲ್ಲ, ಮೂಲೆಯಲ್ಲಿ ಮಾತ್ರ ಬುಟ್ಟಿ ತುಂಬ ಮೊಟ್ಟೆ. ಜೀಪಿನಲ್ಲಿ ಕೂತವರೂ ಇಂಥದೇ ಊರುಗಳ ಹೆಂಗಸರು ಹೆತ್ತ ಮಕ್ಕಳು. ಮನೆ ಜಾಲಾಡುವುದೇ ಬೇಡ, ಬುಟ್ಟಿ ನೋಡಿದರೆ ಸಾಕು, ನೆಂಟರು ಎಲ್ಲಿ ಎಂದು ಕೇಳುತ್ತಾರೆ. ಮೊಕ್ರಾನ್ ಸಂಜೆಗೆ ಮನೆ ಸೇರುವುದಿಲ್ಲ.

ಅವಳು ಬಕೆಟ್ ಬಿಟ್ಟು ಮೇಲಕ್ಕೆ ಹೆಜ್ಜೆಯಿಟ್ಟಳು. ಪಕ್ಕದವಳು ಮುಂಗೈ ಹಿಡಿದಳು.

"ಕೀಳು," ಎಂದಳು, ತಲೆಯೆತ್ತದೆ.

"ಮೊಟ್ಟೆ..."

"ಗೊತ್ತು. ಕೀಳು."

ಕೊಂಬೆಗಳ ಸಂದಿನಿಂದ ಮೇಲಿನ ಓಣಿ ಕಾಣುತ್ತಿತ್ತು. ಅಲ್ಲಿ ವರ್ದಿಯಾ ಬರುತ್ತಿದ್ದಳು. ಅವಳ ತೋಳಿಗೆ ಒರಗಿ, ಉಣ್ಣೆಯ ಕಂಬಳಿಯಲ್ಲಿ ಮುಳುಗಿ, ಎದೆಗೊಂದು ಸಣ್ಣ ಗಂಟನ್ನು ಅವಚಿಕೊಂಡು ಅವಳ ಸೊಸೆ. ನಲವತ್ತು ದಿನ ಹೊಸ್ತಿಲು ದಾಟಬಾರದ ಹಸಿ ಬಾಣಂತಿ, ಹಿಮದ ಬೆಟ್ಟದಿಂದ ಬೀಸುವ ಆ ಗಾಳಿಯಲ್ಲಿ, ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಜೀಪು ಕೊನೆಯ ತಿರುವಿನಲ್ಲಿತ್ತು.

ತಸ್ಸಾದಿತ್‌ಳ ಬಾಗಿಲು ಪೂರ್ತಿ ತೆರೆಯಿತು. ಬಾಣಂತಿ ಒಳಗೆ ಹೋದಳು. ವರ್ದಿಯಾ ಹೊಸ್ತಿಲ ಬಳಿ ಒಂದು ಗಳಿಗೆ ನಿಂತಳು, ಚಪ್ಪಲಿ ಬಿಟ್ಟಳು, ತಾನೂ ಒಳಗೆ ಹೋದಳು.

ಬುಟ್ಟಿಯ ಮೊಟ್ಟೆ ಇನ್ನು ಬಾಣಂತಿಯದು. ಜೀಪಿನ ಸದ್ದು ನಿಂತಿತು. ದಾಲ್ವಾ ಒಂದು ಕಾಯಿ ಕಿತ್ತಳು, ಇನ್ನೊಂದು ಕಿತ್ತಳು. ಸೊಂಟದ ಮಡಿಕೆಯಲ್ಲಿ ರೊಟ್ಟಿ ಇನ್ನೂ ಬೆಚ್ಚಗಿತ್ತು.