ಒಂದೇ ಬಣ್ಣದ ಕಾರ್ಡುಗಳು

"ಇದೇ ತಾನೇ ನೀವು ಕೇಳಿದ್ದು?" ಎಂದು ಪೇಂಟರು ಫೋನಿನ ಪರದೆಯ ಮೇಲಿನ ಎರಡನೆಯ ಬ್ಯಾಂಕ್ ಕಾರ್ಡಿನ ಮೇಲೆ ಬೆರಳಿಟ್ಟರು.

ವಿನ್ಯಾಸಕಿ ಸ್ಟಾಪ್‌ವಾಚ್ ನಿಲ್ಲಿಸಿ ನೋಡಿದಳು. ಮೂರು ಸೆಕೆಂಡು. ಬೆಳಗ್ಗೆ ಬಂದಿದ್ದ ಕಾಲೇಜು ಹುಡುಗಿಗೇ ಐದು ಹಿಡಿದಿತ್ತು.

"ಈಗ ಈ ಕಾರ್ಡಿಗೆ ಬೀಗ ಹಾಕಿ ಸರ್." ಹಾಕಿದರು. "ತೆಗೀರಿ." ತೆಗೆದರು. "ಕೊನೆಯ ನಾಲ್ಕು ಅಂಕಿ ಓದಿ." ಓದಿದರು. ಆಮೇಲೆ ಯಾರೂ ಕೇಳದಿದ್ದರೂ, ಬಾಗಿಲ ಪಕ್ಕದಲ್ಲಿ ತೂಗುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರಿನ ಮೇಲಿದ್ದ ಇರುವೆ ಸಾಲಿನಂಥ ಅಕ್ಷರಗಳನ್ನೂ ಕೂತಲ್ಲಿಂದಲೇ ಓದಿ, "ಇದರ ಅವಧಿ ಹೋದ ತಿಂಗಳೇ ಮುಗಿದಿದೆಯಲ್ಲ, ಯಾರಿಗಾದ್ರೂ ಹೇಳಿ" ಎಂದರು.

ವಿನ್ಯಾಸಕಿಗೆ ತಲೆಬುಡ ತಿಳಿಯಲಿಲ್ಲ. ಇವರಿಗೆ ಕಣ್ಣು ಕಾಣುವುದಿಲ್ಲ ಎಂದೇ ಇವರನ್ನು ಕರೆಸಿದ್ದು. ಬ್ಯಾಂಕಿನ ಆ್ಯಪಿನ ಹೊಸ ರೂಪವನ್ನು ಮೊದಲು ಎರಡು ಸಾವಿರ ಗ್ರಾಹಕರ ಫೋನಿಗೆ ಮಾತ್ರ ಬಿಟ್ಟಿದ್ದರು, ಸೋಮವಾರದಿಂದ ಎಲ್ಲರಿಗೂ. ಬಂದ ಅಭಿಪ್ರಾಯಗಳಲ್ಲಿ ಮುಕ್ಕಾಲುಪಾಲು ನಾಲ್ಕು ನಕ್ಷತ್ರ, ಐದು ನಕ್ಷತ್ರ. ಇವರದು ಮಾತ್ರ ಒಂದೇ ನಕ್ಷತ್ರ: 'ಕಾರ್ಡುಗಳೆಲ್ಲ ಒಂದೇ ಬಣ್ಣ. ನನ್ನ ಕಣ್ಣಿಗೆ ಯಾವುದು ಯಾವುದೆಂದು ತಿಳಿಯುತ್ತಿಲ್ಲ. ಮೊದಲಿನ ಹಸಿರು ವಾಪಸ್ ಕೊಡಿ.' ಇದನ್ನೇ ಮೂರು ವಾರದಲ್ಲಿ ಆರು ಸಲ ಬರೆದಿದ್ದರು.

ಆ ಒಂದೇ ಬಣ್ಣ ಅವಳ ಎಂಟು ತಿಂಗಳ ದುಡಿಮೆ. ಹಸಿರು, ಕೇಸರಿ, ನೇರಳೆ ಎಂದು ಬಳೆ ಅಂಗಡಿಯ ಹಾಗಿದ್ದ ಕಾರ್ಡುಗಳನ್ನೆಲ್ಲ ತೆಗೆದು, ಎಲ್ಲಕ್ಕೂ ಬೂದು ಬೆರೆತ ನೀಲಿಯನ್ನು ಬಳಿದು, ಅದರ ಮೇಲೆ ತೆಳ್ಳನೆಯ ಬಿಳಿ ಅಕ್ಷರ ಕೂರಿಸಿದ್ದಳು. ಆರು ವರ್ಷ ಬೇರೆಯವರ ಪರದೆಗಳಿಗೆ ಗುಂಡಿ ಅಂಟಿಸುತ್ತ ಬಂದವಳಿಗೆ ಇದು ತನ್ನದೆಂದು ಹೇಳಿಕೊಳ್ಳಬಹುದಾದ ಮೊದಲ ಕೆಲಸ. ಯಾವ ಕೆಲಸಕ್ಕೂ 'ಶುಕ್ರವಾರದೊಳಗೆ ಆಗ್ಬೇಕು' ಎನ್ನುತ್ತಿದ್ದುದರಿಂದ ತಂಡದ ಮುಖ್ಯಸ್ಥನಿಗೆ ಎಲ್ಲರೂ ಶುಕ್ರವಾರ ಎಂದೇ ಹೆಸರಿಟ್ಟಿದ್ದರು. "ಎರಡು ಸಾವಿರದಲ್ಲಿ ಒಬ್ಬರು. ಬಿಟ್ಹಾಕು" ಎಂದಿದ್ದ ಅವನು. ಅಕ್ಷರ ದೊಡ್ಡದು ಮಾಡುವ ಸೌಲಭ್ಯ ತೋರಿಸಿದರೆ ಇವರ ತಕರಾರು ಮುಗಿಯುತ್ತದೆ, ತನ್ನ ಬಣ್ಣ ಉಳಿಯುತ್ತದೆ ಎಂದುಕೊಂಡು ಅವಳೇ ಹಟ ಹಿಡಿದು ಕರೆಸಿದ್ದಳು. ಶುಕ್ರವಾರ ಈಗ ಪಕ್ಕದ ಕೋಣೆಯಲ್ಲಿ ಕೂತು ಇಲ್ಲಿಯದನ್ನೆಲ್ಲ ಕ್ಯಾಮೆರಾದ ಮೂಲಕ ನೋಡುತ್ತಿದ್ದ.

"ಸರ್, ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ" ಎಂದಳು ಅವಳು.

ಪೇಂಟರು ಕ್ಯಾಮೆರಾದ ಕಡೆ ನೋಡಿದರು. "ಅದನ್ನ ಸ್ವಲ್ಪ ಆರಿಸ್ತೀಯಾ ಮಗಳೇ?"

ಅವಳು ಆರಿಸಿದಳು.

"ನಲವತ್ತು ವರ್ಷ ಬೋರ್ಡ್ ಬರೆದಿದೀನಿ. ಕೈ ಪಳಗಿದೆ, ಕಾಗುಣಿತ ಮಾತ್ರ ಕುಂಟು. ಮಹಾಪ್ರಾಣ ಎಲ್ಲಿ ಬರುತ್ತೆ ಎಲ್ಲಿ ಬರಲ್ಲ ಅನ್ನೋದು ನನ್ನ ತಲೆಗೆ ಹತ್ತಲೇ ಇಲ್ಲ. ನಮ್ಮನೆಯವಳು ಪ್ರೆಸ್ಸಲ್ಲಿ ಕರಡು ತಿದ್ದುತಾ ಇದ್ಲು. ಅಲ್ಲಿ ಅವಳಿಗೆ ಕೆಂಪು ಪೆನ್ನು ಅಂತಲೇ ಹೆಸರು. ಅವಳು ನೋಡಿ ಸರಿ ಅನ್ನದೆ ನನ್ನ ಅಂಗಡಿಯಿಂದ ಒಂದು ಬೋರ್ಡೂ ಆಚೆ ಹೋಗಿಲ್ಲ."

ಅವರು ಅಂಗೈಗಳನ್ನು ಮೇಜಿನ ಮೇಲೆ ಬೋರಲು ಇಟ್ಟರು. ಉಗುರಿನ ಸಂದಿಗಳಲ್ಲಿ ಹಳದಿ ಬಣ್ಣ ಕೂತಿತ್ತು.

"ಹೋದ ವರ್ಷ ಒಂದು ಧಾನ್ಯದ ಅಂಗಡಿ ಬೋರ್ಡು ಬರೆದೆ. ಆಳೆತ್ತರದ ಅಕ್ಷರ. ಮೊದಲನೇ ಅಕ್ಷರದ ಹೊಟ್ಟೆ ಸೀಳೋದನ್ನೇ ಮರೆತು 'ದಾನ್ಯ' ಅಂತ ಬರೆದಿದ್ದೆ. ಅವಳು ಎದುರಿಗೆ ನಿಂತು ನೋಡಿ 'ಸರಿ ಇದೆ' ಅಂದ್ಲು. ಅಂಗಡಿಯವನು ಫೋನ್ ಮಾಡಿ ಮುಖಕ್ಕೆ ಉಗಿದ ಹಾಗೆ ಬೈದ. ಏಣಿ ಹೊತ್ಕೊಂಡು ಹೋಗಿ ಸದ್ದಿಲ್ದೆ ತಿದ್ದಿ ಬಂದೆ."

"ಅಮ್ಮನಿಗೆ ಹೇಳಲಿಲ್ವಾ?"

"ಏನಂತ ಹೇಳ್ಲಿ? ಅಕ್ಷರಾನೇ ಅವಳ ಜೀವ." ಅವರು ಉಗುರಿನ ಹಳದಿಯನ್ನು ಕೆರೆದರು. "ಅವಳ ಪೆನ್ಶನ್ ಕಾರ್ಡು ಹಸಿರಿತ್ತು, ನಮ್ಮಿಬ್ಬರದು ಕೇಸರಿ. ಹುಷಾರಿನ ಹೆಂಗಸು, ಯಾರೂ ದುಡ್ಡು ತೆಗೀದ ಹಾಗೆ ಆ್ಯಪಲ್ಲಿ ಎಲ್ಲದಕ್ಕೂ ಬೀಗ ಹಾಕಿಟ್ಟಿರ್ತಾಳೆ. ಅಂಗಡಿಗೆ ಹೊರಟಾಗ ಹಸಿರಿನದ್ದರ ಬೀಗ ಮಾತ್ರ ತೆಗೀತಾಳೆ. ನಿಮ್ಮ ಹೊಸದು ಬಂದ ಮೇಲೆ ಯಾವುದಕ್ಕೋ ಬೀಗ ತೆಗೆದು ಯಾವುದನ್ನೋ ಕೊಟ್ಟಿದಾಳೆ. ಔಷಧಿ ಅಂಗಡಿಲಿ ಮಶೀನು ಮೂರು ಸಲ ಆಗಲ್ಲ ಅಂತು. ಹಿಂದೆ ಜನ ಸಾಲು ನಿಂತಿದ್ರು. ನಾನು ಹೊರಗೆ ಸ್ಕೂಟರ್ ಹತ್ರ ಇದ್ದೆ, ಗಾಜಿನಲ್ಲಿ ಎಲ್ಲ ಕಾಣ್ತಿತ್ತು. ಬರಿಗೈಲಿ ಬಂದು 'ಅವರ ಮಶೀನು ಕೆಟ್ಟಿದೆ ಕಣ್ರೀ' ಅಂದ್ಲು. ನಾನೂ ಹೂಂ ಅಂದೆ. ಅವತ್ತು ಸಾಯಂಕಾಲಾನೇ ನಿಮಗೆ ಬರೆದಿದ್ದು."

"ನಿಮ್ಮ ಕಣ್ಣಿಗೆ ಕಾಣಲ್ಲ ಅಂತ."

"ಮತ್ತೇನಂತ ಬರೀಲಿ? ನನಗೆ ಗೊತ್ತು ಅನ್ನೋದು ಅವಳಿಗೆ ತಿಳಿದ್ರೆ ಅಂಗಡಿ ಕಡೆ ಕಾಲಿಡೋದೇ ಬಿಡ್ತಾಳೆ. ಮೂಲೆ ಹಿಡಿದುಬಿಡ್ತಾಳೆ. ನೀನು ಹೇಳಬೇಡ, ಆಯ್ತಾ?"

ಅವಳು ತಲೆಯಾಡಿಸುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಕೈಚೀಲವನ್ನು ಎದೆಗವಚಿಕೊಂಡ, ನೆಟ್ಟಗೆ ನಡೆಯುವ ಹೆಂಗಸೊಬ್ಬರು ಒಳಗೆ ಬಂದರು.

"ಎಷ್ಟು ಹೊತ್ತಮ್ಮ? ಇವರನ್ನ ಕೇಳಿದ್ರೆ ಏನು ಸಿಗುತ್ತೆ? ಮನೇಲಿ ಆ್ಯಪ್ ಮುಟ್ಟೋಳು ನಾನು. ಇವರು ಕರೆಂಟ್ ಬಿಲ್ ಕಟ್ಟೋಕೂ ನನ್ನೇ ಕರೀತಾರೆ. ರೀ, ಏಳಿ. ಹೊರಗೆ ಕೂತ್ಕೊಳ್ಳಿ, ನಾನು ಹೇಳ್ತೀನಿ."

ಪೇಂಟರು ಎದ್ದರು. ಹೋಗುತ್ತ ವಿನ್ಯಾಸಕಿಯ ಮುಖವನ್ನೊಮ್ಮೆ ನೋಡಿದರು. ಬಾಗಿಲು ಮುಚ್ಚಿಕೊಂಡಿತು.

ಕೆಂಪು ಪೆನ್ನು ಕುರ್ಚಿಯನ್ನು ಕೈಯಿಂದ ಸವರಿ ಕೂತರು. ಅದೇ ಮೊದಲನೆಯ ಪ್ರಶ್ನೆ: ಎರಡನೆಯ ಕಾರ್ಡನ್ನು ಮುಟ್ಟಿ. ಅವರು ಫೋನನ್ನು ಸ್ಟ್ಯಾಂಡಿನಿಂದ ಎತ್ತಿ ಬಲಗಡೆಗೆ ಹಿಡಿದರು. ಮುಖವನ್ನು ಎಡಗಡೆಯ ಗೋಡೆಗೆ ತಿರುಗಿಸಿದರು, ಪಕ್ಕದ ಮನೆಯ ಮಾತಿಗೆ ಕಿವಿ ಕೊಟ್ಟವರಂತೆ. ಬೆರಳು ಪರದೆಯ ಮೇಲೆ ಗಾಳಿಯಲ್ಲೇ ಇಳಿದು, ಹತ್ತಿ, ಮತ್ತೆ ಇಳಿಯಿತು. ಕೊನೆಗೆ ಮೂರನೆಯ ಕಾರ್ಡನ್ನು ಮುಟ್ಟಿತು.

"ಇದು."

ವಿನ್ಯಾಸಕಿ ಸ್ಟಾಪ್‌ವಾಚ್ ನಿಲ್ಲಿಸುವುದನ್ನೇ ಮರೆತಿದ್ದಳು. ಸರಿ ಇದೆ ಎಂದುಬಿಟ್ಟರೆ ಇಬ್ಬರ ಮಾನವೂ ಉಳಿಯುತ್ತದೆ ಎನಿಸಿತು. ಬಾಯಿಗೆ ಬರಲಿಲ್ಲ.

"ತಪ್ಪಾಯ್ತು ಅಲ್ವಾ?" ಎಂದರು ಅವರೇ. "ಹೇಳಮ್ಮ. ಇಡೀ ಆಯಸ್ಸು ಬೇರೆಯವರ ತಪ್ಪು ಎತ್ತಿ ತೋರಿಸಿದೋಳು. ನನ್ನದೊಂದು ಕೇಳೋಕಾಗಲ್ವಾ?"

"ತಪ್ಪು ಅಮ್ಮ."

"ಹೂಂ." ಅವರು ಫೋನನ್ನು ಮೆಲ್ಲಗೆ ಕೆಳಗಿಟ್ಟರು. "ಡಾಕ್ಟರ ಹತ್ರ ಒಬ್ಬಳೇ ಹೋಗಿ ಬಂದೆ. ನಡುವಿನ ನೋಟ ಹೋಗಿದೆ, ವಾಪಸ್ ಬರಲ್ಲ, ಅಂಚು ಉಳಿಯುತ್ತೆ ಅಂದ್ರು. ನಿನ್ನ ಮುಖ ನೋಡೋಕೆ ಹೋದ್ರೆ ಮುಖ ಇರಲ್ಲ, ಕಿವಿಯ ಓಲೆ ಇರುತ್ತೆ. ಅಕ್ಷರಾನೂ ಹಾಗೇ. ಎಲ್ಲಿ ನೋಡ್ತೀನೋ ಅಲ್ಲೇ ಅಳಿಸಿ ಹೋಗುತ್ತೆ."

"ಅಕ್ಷರ ದೊಡ್ಡದು ಮಾಡೋ ಸೌಲಭ್ಯ ಇದೆ..." ಎಂದಳು ವಿನ್ಯಾಸಕಿ. ಹೇಳುವಾಗಲೇ ದನಿ ಇಳಿದಿತ್ತು.

"ದೊಡ್ಡ ಅಕ್ಷರ ದೊಡ್ಡದಾಗಿ ಅಳಿಸಿ ಹೋಗುತ್ತೆ, ಅಷ್ಟೇ." ಅವರು ನಕ್ಕರು. "ಬಣ್ಣ ಮಾತ್ರ ಹಾಗಲ್ಲ. ಅಂಗೈಯಷ್ಟಗಲ ಹಸಿರು ಇದ್ರೆ, ಓರೆಗಣ್ಣಲ್ಲಿ ನೋಡಿದ್ರೂ ಹಸಿರು ಅಂತ ತಿಳಿಯುತ್ತೆ. ನನಗೆ ಅಷ್ಟು ಸಾಕಿತ್ತು. ಯಾರನ್ನೂ 'ಸ್ವಲ್ಪ ನೋಡಿ ಹೇಳಿ' ಅಂತ ಕೇಳಬೇಕಾಗಿರಲಿಲ್ಲ."

"ಇದನ್ನ ಮಾಡಿದ್ದು ನಾನೇ ಅಮ್ಮ. ಈ ಬಣ್ಣ."

"ಓ." ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು, ಹಾಗೆ ತಿರುಗಿದಾಗಲೇ ಅವರು ತನ್ನನ್ನು ನೋಡುವುದು ಎಂದು ಅವಳಿಗೆ ಹೊಳೆಯಿತು. "ಕಣ್ಣಿಗೆ ತಂಪಾಗಿದೆ ಅಂತ ನಮ್ಮನೆಯವರು ಹೊಗಳ್ತಿದ್ರು. ಬಣ್ಣದ ವಿಷಯದಲ್ಲಿ ಅವರು ಸುಮ್ಮನೆ ಹೊಗಳೋರಲ್ಲ. ಬೇಜಾರು ಮಾಡ್ಕೋಬೇಡ. ಆ ಕ್ಯಾಮೆರಾ ಉರೀತಾ ಇದೆಯಾ?"

"ಇಲ್ಲ. ಆರಿಸಿದೀನಿ."

"ಹಾಕು. ಬದಲಾಯಿಸೋ ಅಧಿಕಾರ ನಿನಗಿದ್ದಿದ್ರೆ ಹೀಗೆ ತಲೆ ತಗ್ಗಿಸಿ ಕೂತಿರ್ತಿರಲಿಲ್ಲ. ಯಾರಿಗೆ ಅಧಿಕಾರ ಇದೆಯೋ ಅವರು ನೋಡಲಿ."

ಕೆಂಪು ದೀಪ ಹತ್ತಿತು. ಅವರು ಮತ್ತೆ ಫೋನ್ ಎತ್ತಿಕೊಂಡು ಒಂದೊಂದು ಪ್ರಶ್ನೆಗೂ ಪರದೆ ಮುಟ್ಟಿ ಉತ್ತರಿಸಿದರು. ಹತ್ತರಲ್ಲಿ ಏಳು ತಪ್ಪಿದವು. ಒಂದೊಂದು ತಪ್ಪಾದಾಗಲೂ ಯಾಕೆ ತಪ್ಪಿತೆಂದು, ಅಂಚಿನಲ್ಲಿ ಏನು ಕಂಡಿತು, ಏನು ಕಾಣಲಿಲ್ಲ ಎಂದು ಬಿಡಿಸಿ ಹೇಳಿದರು. ಮುಗಿದ ಮೇಲೆ, "ಈಗ ಆರಿಸು" ಎಂದರು.

ಅವಳು ಆರಿಸಿದಳು.

"ಹೊರಗೆ ಕೂತಿರೋರಿಗೆ ಮಾತ್ರ ಒಂದು ಮಾತೂ ಹೇಳಬೇಡ. ನನಗೆ ಕಾಣಲ್ಲ ಅಂತ ತಿಳಿದ್ರೆ ಕುಂಚ ಕೆಳಗಿಟ್ಟುಬಿಡ್ತಾರೆ. ಬರೆಯೋವಾಗ ಬಾಯಲ್ಲಿ ಹೇಳ್ಕೊಂಡು ಬರೆಯೋ ಅಭ್ಯಾಸ ಅವರಿಗೆ. ನಾನು ಅದನ್ನ ಕೇಳಿಸ್ಕೊಂಡೇ ತಿದ್ದುತೀನಿ. ಇದುವರೆಗೆ ಒಂದು ಬೋರ್ಡೂ ತಪ್ಪಿ ಹೋಗಿಲ್ಲ."

ವಿನ್ಯಾಸಕಿ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದಳು. ಜೋಡಿಸಿದ್ದನ್ನೇ ಮತ್ತೊಮ್ಮೆ ಜೋಡಿಸಿದಳು.

ಶುಕ್ರವಾರ ಬಾಗಿಲು ತಟ್ಟಿ ಒಳಗೆ ಬಂದ. ಬಾಗಿಲು ತಟ್ಟುವ ಅಭ್ಯಾಸ ಅವನಿಗಿರಲಿಲ್ಲ. ಕೆಂಪು ಪೆನ್ನಿಗೆ ನಮಸ್ಕಾರ ಎಂದ. ಆಮೇಲೆ ವಿನ್ಯಾಸಕಿಯ ಕಡೆ ತಿರುಗಿದ.

"ಸೋಮವಾರ ಬೇಡ. ಬಣ್ಣ ವಾಪಸ್ ಹಾಕೋಣ. ಎಷ್ಟು ದಿನ ಬೇಕು ನಿನಗೆ?"

"ಎರಡು ವಾರ."

"ಮೂರು ತಗೋ. ಮೇಲಿನವರಿಗೆ ನಾನು ಹೇಳ್ತೀನಿ. ಆದ್ರೆ ನಾನು ಬಾಯಲ್ಲಿ ಹೇಳಿದ್ರೆ ನಂಬಲ್ಲ, ಈ ವೀಡಿಯೊ ತೋರಿಸಬೇಕು." ಅವನು ಒಂದು ಹಾಳೆ ಮುಂದೆ ಮಾಡಿದ. "ತೋರಿಸಬಹುದು ಅಂತ ಅಮ್ಮನ ಒಪ್ಪಿಗೆ ಬೇಕು. ಒಂದು ಸಹಿ."

"ಕೊಡಿ, ಓದಿ ನೋಡ್ತೀನಿ" ಎಂದು ಕೆಂಪು ಪೆನ್ನು ಹಾಳೆ ತೆಗೆದುಕೊಂಡು ಎದ್ದರು.

ಹೊರಗಿನ ಕೋಣೆಯಲ್ಲಿ ಪೇಂಟರು ಕಿಟಕಿಯ ಬಳಿ ನಿಂತಿದ್ದರು. ಹೆಂಡತಿಯನ್ನು ಕಂಡೊಡನೆ ನಡುವಿನ ಗಾಜಿನ ಮೇಜಿನ ಹತ್ತಿರ ಬಂದರು. "ಮುಗೀತಾ?"

"ಮುಗೀತು. ನನ್ನ ಮಾತು ಅವರಿಗೆ ಹಿಡಿಸಿತಂತೆ. ಹಸಿರು ವಾಪಸ್ ಕೊಡ್ತಾರಂತೆ. ಇದಕ್ಕೊಂದು ಸಹಿ ಬೇಕಂತೆ."

"ನಾನು ಓದಿ ಹೇಳ್ಲಾ?"

"ಬೇಡ, ನಾನೇ ನೋಡ್ತೀನಿ."

ಅವರು ಸೋಫಾದ ಮೇಲೆ ಕೂತು ಹಾಳೆಯನ್ನು ತೊಡೆಯ ಮೇಲೆ ಹರವಿಕೊಂಡು, ಸಾಲಿನಿಂದ ಸಾಲಿಗೆ ತಲೆಯನ್ನು ನಿಧಾನವಾಗಿ ಆಡಿಸಿದರು. ಒಂದು ಹಾಳೆ ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡರು. ಆಮೇಲೆ ಅದನ್ನು ಗಾಜಿನ ಮೇಜಿನ ಮೇಲಿಟ್ಟು ಪೆನ್ನಿಗೆ ಕೈ ಚಾಚಿದರು. ಹಿಂದೆಯೇ ಬಂದಿದ್ದ ವಿನ್ಯಾಸಕಿ ಪೆನ್ನು ಕೊಟ್ಟಳು.

ಸಹಿ ಹಾಕಬೇಕಾದ ಗೆರೆ ಹಾಳೆಯ ಕೆಳಗೆ ಕೂದಲಿನಷ್ಟು ತೆಳ್ಳಗಿತ್ತು. ಪೆನ್ನು ಅದರ ಮೇಲಕ್ಕೆ ಹೋಗಿ, ಗಾಳಿಯಲ್ಲಿ ನಿಂತು, ಒಂದು ಬೆರಳಿನಷ್ಟು ಕೆಳಗೆ ಸರಿಯಿತು. ವಿನ್ಯಾಸಕಿ ಬಗ್ಗಿದಳು, ಬಗ್ಗಿದವಳು ಹಾಗೇ ನಿಂತಳು.

ಪೇಂಟರು ಹೆಂಡತಿಯ ಪಕ್ಕದಲ್ಲಿ ಕೂತರು. ಕಿಟಕಿಯ ಹೊರಗೆ ಏನನ್ನೋ ನೋಡುತ್ತ, ತೋರುಬೆರಳನ್ನು ಹಾಳೆಯ ಮೇಲೆ, ಗೆರೆ ಶುರುವಾಗುವಲ್ಲಿ ಇಟ್ಟರು.

ಪೆನ್ನಿನ ಮೊನೆ ಬಂದು ಆ ಉಗುರಿಗೆ ತಾಗಿತು. ಅಲ್ಲೇ ನಿಂತಿತು. ಮೇಲೆ ಫ್ಯಾನು ತಿರುಗುತ್ತಿತ್ತು, ಹಾಳೆಯ ಮೂಲೆ ಎದ್ದು ಎದ್ದು ಬೀಳುತ್ತಿತ್ತು. ಕೆಂಪು ಪೆನ್ನು ಒಮ್ಮೆ ಉಸಿರು ಬಿಟ್ಟು ಬರೆಯತೊಡಗಿದರು. ಬೆರಳು ಗೆರೆಯ ಮೇಲೆ ಒಂದೊಂದು ಅಕ್ಷರದಷ್ಟೇ ಮುಂದೆ ಸರಿಯುತ್ತ, ಅವರ ಹೆಸರು ಮುಗಿಯುವವರೆಗೂ ಪೆನ್ನಿನ ಮುಂದೆಯೇ ಇತ್ತು.