ಶಾಲುಕಡಾಂಗಾದ ಕತ್ತರಿ

ನಾನು ಒಂದು ಕತ್ತರಿ, ದರ್ಜಿಯ ಕತ್ತರಿ. ಹುಟ್ಟಿದ್ದು ಪೂರ್ವ ಬಂಗಾಳದ ಶಾಲುಕಡಾಂಗಾ ಎಂಬ ಹೊಳೆದಂಡೆಯ ಪುಟ್ಟ ಊರಿನ ಕುಲುಮೆಯಲ್ಲಿ. ದರ್ಜಿ ಗೌರಾಂಗ ನನ್ನನ್ನು ಬಟ್ಟೆಗೆ ಮಾತ್ರ ಬಳಸುತ್ತಿದ್ದ. ಕಾಗದ ಕತ್ತರಿಸಿದರೆ ಅಲಗು ಮೊಂಡಾಗುತ್ತದೆಂದು ಹೆಂಡತಿಗೂ ಮುಟ್ಟಗೊಡುತ್ತಿರಲಿಲ್ಲ. ಆಗ ನನಗೆ ಜಂಬವೂ ಇತ್ತು.

ಗಲಭೆಯಾಗಿ ಊರು ಬಿಟ್ಟಾಗ ಹೊಲಿಗೆ ಯಂತ್ರ ಅಲ್ಲೇ ಉಳಿಯಿತು. ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡು, ಮಗ ಪರಿಮಲನನ್ನು ಹೆಗಲಿಗೇರಿಸಿಕೊಂಡು ಗೌರಾಂಗ ಗಡಿ ದಾಟಿದ. ಹೆಂಡತಿ ದಾರಿಯಲ್ಲೇ ಜ್ವರದಿಂದ ತೀರಿಕೊಂಡಳು. ಸರ್ಕಾರ ನಮ್ಮನ್ನು ತಂದಿಳಿಸಿದ್ದು ಸಿಂಧನೂರಿನ ನಿರಾಶ್ರಿತರ ಕ್ಯಾಂಪಿಗೆ. ಅಲ್ಲಿನ ಬಿಸಿಲಿಗೆ ಒಗ್ಗುವಷ್ಟರಲ್ಲಿ ಸಾಕುಬೇಕಾಯಿತು. ಸಂತೆಗೆ ಅಂಗಿ ಹೊಲಿದು ಗೌರಾಂಗ ಮಗನನ್ನು ಧಾರವಾಡಕ್ಕೆ ಓದಲು ಕಳಿಸಿದ.

ಪರಿಮಲ ಪ್ರಾಣಿಶಾಸ್ತ್ರ ಓದಿ, ಅಲ್ಲೇ ಒಂದು ಕನ್ನಡ ವಿಜ್ಞಾನ ಮಾಸಪತ್ರಿಕೆಯ ಸಂಪಾದಕನಾದ. ಕಣ್ಣು ಮಂಜಾದ ಅಪ್ಪ ಮಗನ ಮನೆ ಸೇರಿದಾಗ ನಾನು ಪತ್ರಿಕೆಯ ಮೇಜು ಸೇರಿದೆ. ದಿನವೂ ಕರಡಚ್ಚು ಕತ್ತರಿಸಿ ಮೊಂಡಾದೆ. ಪರಿಮಲನದು ಒಂದೇ ಹಟ: ಪ್ರತಿ ಲೇಖನದ ಕೊನೆಗೆ ‘ಆಧಾರ’ ಎಂದು ಇರಬೇಕು, ಆಧಾರವಿಲ್ಲದ ಸಾಲು ಎಷ್ಟೇ ಚೆಂದವಿದ್ದರೂ ಹೋಗಬೇಕು. ಲೇಖಕರು ಅವನನ್ನು ಬೈದುಕೊಳ್ಳುತ್ತಲೇ ನಂಬುತ್ತಿದ್ದರು.

ಒಮ್ಮೆ ಅವನೇ ಹೊಳೆಯ ಡಾಲ್ಫಿನ್‌ಗಳ ಬಗ್ಗೆ ಬರೆದ. ನಮ್ಮೂರಿನ ಹೆಸರು ಹಾಕು, ಅಲ್ಲಿ ಅವು ದೋಣಿಯ ಪಕ್ಕದಲ್ಲೇ ಏಳುತ್ತಿದ್ದವು ಎಂದು ಅಪ್ಪ ಕೇಳಿದ. ಪರಿಮಲ ಹಾಕಿದ. ಆಮೇಲೆ ಅನುಮಾನ ಬಂದು ಸಿಕ್ಕ ನಕಾಶೆಗಳನ್ನೆಲ್ಲ ಹುಡುಕಿದ. ಹೊಳೆ ಕೊರೆದು ಒಯ್ದಿದ್ದ ಆ ಊರು ಯಾವುದರಲ್ಲೂ ಇರಲಿಲ್ಲ. ಕರಡಿನಿಂದ ಆ ಸಾಲನ್ನು ನನ್ನಿಂದಲೇ ಕತ್ತರಿಸಿದ.

ಸೊಸೆ ಅನಸೂಯಾ ಧಾರವಾಡದವಳು. ಅವಳೆದುರು ಅಪ್ಪ ಮಗ ಕನ್ನಡದಲ್ಲೇ ಮಾತಾಡುತ್ತಿದ್ದರು. ಅವಳು ಮಾವನಿಗೆ ಲೇಖನವನ್ನು ಪೂರ್ತಿ ಓದಿ ಹೇಳಿದಳು. ಮುದುಕ ಇನ್ನೊಮ್ಮೆ ಓದಿಸಿದ. ಆಮೇಲೆ ಮಗನ ಕಡೆ ತಿರುಗಿದ.

“ನಮ್ಮೂರು ಎಲ್ಲೈತಿ?”

“ಯಾವ ನಕಾಶೆದಾಗೂ ಸಿಗಲಿಲ್ಲ, ಬಾಬಾ.”

“ನಕಾಶೆದಾಗ ಇದ್ದಿದ್ರ ನಿನ್ನ ಯಾಕ ಕೇಳತಿದ್ದೆ?”

ಮತ್ತೆಂದೂ ಅವನು ಊರಿನ ಮಾತೆತ್ತಲಿಲ್ಲ. ಅದೇ ವರ್ಷ ತೀರಿಕೊಂಡ.

ಈಗ ಪರಿಮಲನೂ ಮುದುಕ. ಕತ್ತರಿಸುವುದು, ಅಂಟಿಸುವುದು ಎಲ್ಲ ಕಂಪ್ಯೂಟರಿನಲ್ಲೇ. ನಾನು ಡ್ರಾಯರಿನಲ್ಲಿ ತುಕ್ಕು ಹಿಡಿದಿದ್ದೇನೆ. ನಿವೃತ್ತಿಯ ಸಂಚಿಕೆಗೆ ಅವನು ಆ ಲೇಖನವನ್ನು ಊರಿನ ಹೆಸರಿಟ್ಟು ಮತ್ತೆ ಬರೆದ. ಅಚ್ಚಾಗಿ ಬಂದ ದಿನ ನನ್ನನ್ನು ಹೊರತೆಗೆದು ಆ ಪುಟ ಕತ್ತರಿಸಿ ಅಪ್ಪನ ಫೋಟೋದ ಮುಂದಿಟ್ಟ. ನನ್ನ ಮೊಂಡು ಅಲಗಿಗೆ ಕಾಗದದ ಅಂಚು ಹರಿಯಿತು. ಕಣ್ಣಾರೆ ಕಂಡವನು ಮನೆಯಲ್ಲೇ ಕೂತಿದ್ದಾಗ ಬರೆಯಬಹುದಾಗಿದ್ದ ಸಾಲು ಅದರ ಕೊನೆಯಲ್ಲಿತ್ತು.

ಆಧಾರ: ನನ್ನ ತಂದೆ ಗೌರಾಂಗ, ದರ್ಜಿ, ಶಾಲುಕಡಾಂಗಾ.