ಮೊದಲ ಸಲ ಕರೆದಾಗ

ವಕೀಲೆ ಝೊಗ್ರಾಫೂ ವಿಚಾರಣೆಯ ಹಿಂದಿನ ದಿನ ಮನೆಗೇ ಬಂದು, ಥಾಲಿಯಾಳ ಗಾಲಿಕುರ್ಚಿಯ ಎದುರು ಸ್ಟೂಲ್ ಎಳೆದುಕೊಂಡು ಕೂತರು.

"ನೋಡಮ್ಮ, ನಾಳೆ ಕೋರ್ಟಲ್ಲಿ ಜಾಸ್ತಿ ನಗಬೇಡ. ನಕ್ರೆ ನೀನು ಚೆನ್ನಾಗಿ ಕಾಣ್ತೀಯ. ನಾಳೆ ಒಂದು ದಿನ ಅದು ನಮ್ಗೆ ಬೇಡ."

ಥಾಲಿಯಾ ಉತ್ತರ ಕೊಡಲು ಹೊರಟಳು. ಅವಳ ನಾಲಿಗೆ ಒಂದು ಕಡೆ, ಕತ್ತು ಇನ್ನೊಂದು ಕಡೆ ಎಳೆಯುತ್ತಿದ್ದವು. ಕೈ ತಾನಾಗಿಯೇ ಮೇಲೆದ್ದು ಇಳಿಯಿತು. ಮಾತು ಹೊರಬರುವಷ್ಟರಲ್ಲಿ ವಕೀಲೆ ಎರಡು ಸಲ ಗಡಿಯಾರ ನೋಡಿದರು. ಕೊನೆಗೆ ತಾಯಿ ಲೆಮೋನಿಯಾ ಒಲೆಯ ಹತ್ತಿರದಿಂದ ತಿರುಗದೆಯೇ ಬಿಡಿಸಿ ಹೇಳಿದಳು: "ಅಳೋದು ಅಭ್ಯಾಸ ತಪ್ಪಿಹೋಗಿದೆಯಂತೆ. ಒಂದು ವಾರ ಟೈಮ್ ಕೊಡಿ, ಕಲೀತೀನಿ ಅಂತಾಳೆ."

ವಕೀಲೆ ನಕ್ಕು, ಥಟ್ಟನೆ ಗಂಭೀರರಾದರು. "ಇನ್ನೊಂದು ವಿಷಯ. ಆ ಫುಟ್‌ಬಾಲ್ ಬರವಣಿಗೆ ಬಗ್ಗೆ ಯಾರೂ ಬಾಯಿ ಬಿಡಬೇಡಿ."

ಥಾಲಿಯಾಗೆ ಹತ್ತೊಂಬತ್ತು ವರ್ಷ. ವೋಲೋಸ್ ಊರಿನ ತಂಡ ಆಡಿದ ಪ್ರತಿ ಪಂದ್ಯದ ಬಗ್ಗೆಯೂ ಅವಳು ಒಂದು ಜಾಲತಾಣಕ್ಕೆ ಬರೆಯುತ್ತಿದ್ದಳು. ಹಣೆಗೆ ಪಟ್ಟಿ ಕಟ್ಟಿ, ಅದಕ್ಕೆ ಸಿಕ್ಕಿಸಿದ ಕಡ್ಡಿಯಿಂದ ಒಂದೊಂದೇ ಅಕ್ಷರ ಒತ್ತಿ ಬರೆಯುವುದು. ತಂಡದ ಗೋಲಿಯನ್ನು, ಅಂದರೆ ಗೋಲು ಕಾಯುವವನನ್ನು, ಅವಳು ಎಷ್ಟು ಚೆನ್ನಾಗಿ ಕಿಚಾಯಿಸುತ್ತಿದ್ದಳೆಂದರೆ, ಬಂದರಿನ ಹೋಟೆಲುಗಳಲ್ಲಿ ಜನ ಅದನ್ನು ಗಟ್ಟಿಯಾಗಿ ಓದಿಕೊಂಡು ನಗುತ್ತಿದ್ದರು. ಬರೆಯುವವನು ಯಾರೋ ನಿವೃತ್ತ ಆಟಗಾರನಿರಬೇಕೆಂದು ಎಲ್ಲರ ಅಂದಾಜು. ಅಪ್ಪ ಸ್ಟಾಥಿಸ್ ದ್ವೀಪಗಳಿಗೆ ಹೋಗುವ ದೋಣಿಯಲ್ಲಿ ಹಗ್ಗ ಕಟ್ಟುವ ಕೆಲಸದವನು. ಅವನೂ ಆ ಮೇಜುಗಳಲ್ಲಿ ಕೂತು, ಏನೂ ಗೊತ್ತಿಲ್ಲದವನ ಹಾಗೆ ನಗುತ್ತಿದ್ದ.

ತಾನು ಹುಟ್ಟಿದ ಕಥೆಯನ್ನು ಥಾಲಿಯಾ ಚಿಕ್ಕಂದಿನಿಂದ ತಾಯಿಯ ಬಾಯಲ್ಲಿ ಕೇಳಿದ್ದಳು. ಅದು ಸಂತ ಹರಲಾಂಬೋಸನ ದಿನ. ಹೆರಿಗೆ ಮಾಡಿಸಬೇಕಿದ್ದ ಡಾಕ್ಟರ ಹೆಸರೂ ಹರಲಾಂಬೋಸ್. ತಮ್ಮ ಹೆಸರಿನ ಸಂತನ ಹಬ್ಬವೆಂದ ಮೇಲೆ ಅವರ ಮನೆ ತುಂಬ ನೆಂಟರು, ಕುರಿಮಾಂಸ, ವೈನು. ಇತ್ತ ಆಸ್ಪತ್ರೆಯಲ್ಲಿ ಲೆಮೋನಿಯಾಳ ಹೊಟ್ಟೆಯ ಮೇಲೆ ಕಟ್ಟಿದ ಯಂತ್ರದಲ್ಲಿ ಮಗುವಿನ ಎದೆಬಡಿತ ಇಳಿಯತೊಡಗಿತ್ತು. ಸೂಲಗಿತ್ತಿ ನರ್ಸ್ ಕಾರಿಡಾರಿಗೆ ಹೋಗಿ ಫೋನ್ ಮಾಡಿದಳು, ಬಂದಳು, ಮತ್ತೆ ಹೋದಳು. ಡಾಕ್ಟರು ಬಂದಾಗ ಬಾಯಲ್ಲಿ ಸೋಂಪು ಹಾಕಿದ ಸಾರಾಯಿಯ ವಾಸನೆ. ಹೀರುಗೊಳವೆ ಹಾಕಿ ಎಳೆದು ತೆಗೆದ ಮಗು ಅಳಲಿಲ್ಲ. ಮೈ ನೀಲಿಯಾಗಿತ್ತು.

"ಅವಳು ಅವನಿಗೆ ಪದೇ ಪದೇ ಫೋನ್ ಮಾಡಿದ್ಲು. ನನ್ನ ಕಿವಿಯಾರೆ ಕೇಳಿದ್ದೀನಿ," ಎಂದು ಲೆಮೋನಿಯಾ ಹೇಳದ ಕಡೆಯಿಲ್ಲ. ಡಾಕ್ಟರು ಹೇಳುತ್ತಿದ್ದುದು ಬೇರೆ: ಕರೆ ಬಂದದ್ದು ಒಂದೇ ಸಲ, ಬಂದ ಕೂಡಲೇ ಹೊರಟೆ. ನರ್ಸ್ ಏನೂ ಹೇಳಿಕೆ ಕೊಡದೆ ಜರ್ಮನಿಗೆ ಹೋದವಳು ಅಲ್ಲೇ ತೀರಿಕೊಂಡಿದ್ದಳು. ಕೆಳಗಿನ ಕೋರ್ಟು, ನೋವಿನಲ್ಲಿದ್ದವಳ ನೆನಪನ್ನು ನಂಬಲಾಗದು ಎಂದು ಕೇಸು ವಜಾ ಮಾಡಿತ್ತು. ಆಮೇಲೆ ಮೇಲ್ಮನವಿ, ಮುಂದೂಡಿಕೆ, ಮತ್ತೆ ಮುಂದೂಡಿಕೆ. ತಾಯಿಯ ಕಥೆ ಸವೆದು ನುಣುಪಾಗಿತ್ತು. ಪ್ರತಿ ಸಲವೂ ಅವೇ ಮಾತು, ಅದೇ ಕಡೆ ಉಸಿರು. ಅಷ್ಟು ನುಣುಪಾದದ್ದು ಪೂರ್ತಿ ನಿಜವಿರಲಾರದು ಎಂದು ಥಾಲಿಯಾಗೆ ಯಾವತ್ತೋ ಅನ್ನಿಸಿಬಿಟ್ಟಿತ್ತು. ಹೇಳಿರಲಿಲ್ಲ ಅಷ್ಟೆ.

ಲಾರಿಸಾದ ಮೇಲ್ಮನವಿ ಕೋರ್ಟಿನಲ್ಲಿ ಮೂವರು ನ್ಯಾಯಾಧೀಶರಿದ್ದರು. ನಡುವೆ ಕೂತಾಕೆ ಕತ್ತಿಗೆ ಶಾಲು ಸುತ್ತಿಕೊಂಡು ಕೆಮ್ಮುತ್ತಿದ್ದರು. ಡಾಕ್ಟರು ಮುದುಕರಾಗಿದ್ದರು. ಥಾಲಿಯಾ ಅವರನ್ನು ನೋಡಿದ್ದು ಅದೇ ಮೊದಲು. ಕಿರಿದಾದ ಭುಜ, ಚೆನ್ನಾಗಿ ಇಸ್ತ್ರಿ ಮಾಡಿದ ಕಾಲರು. ದ್ವೇಷ ಬರಬಹುದೆಂದು ಕಾದಳು. ಬರಲಿಲ್ಲ.

ಡಾಕ್ಟರ ಪರ ವಕೀಲ ಎದ್ದು ನಿಂತು, ಕೈಯಲ್ಲಿದ್ದ ಕಾಗದವನ್ನು ಓದತೊಡಗಿದ. "ನಮ್ಮ ಗೋಲಿ ಚೆಂಡಿಗೆ ಅಡ್ಡ ಬೀಳಲಿಲ್ಲ; ಮನೆಗೆ ಬಂದ ಅತಿಥಿಯನ್ನು ಬರಮಾಡಿಕೊಳ್ಳುವಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಇದನ್ನ ಬರೆದದ್ದು ಯಾರು ಗೊತ್ತಾ ಸ್ವಾಮಿ? ಜೀವನವೇ ಹಾಳಾಯ್ತು ಅಂತ ಇವರು ಹೇಳ್ತಿರೋ ಹುಡುಗಿ."

ಲೆಮೋನಿಯಾ ಮಗಳ ಕಿವಿಯ ಹತ್ತಿರ ಬಗ್ಗಿ, "ಸಂತೋಷ ಆಯ್ತಾ? ನಿನ್ನ ಗೋಲಿ ನಮ್ಮನ್ನೂ ಸೋಲಿಸಿದ," ಎಂದು ಹಲ್ಲು ಕಚ್ಚಿ ಹೇಳಿದಳು.

ಥಾಲಿಯಾ ಕೈ ಎತ್ತಿದಳು. ಅದು ತಾನಾಗಿ ಎದ್ದದ್ದೋ ಎತ್ತಿದ್ದೋ ಎಂದು ಯಾರಿಗೂ ತಿಳಿಯಲಿಲ್ಲ. ನ್ಯಾಯಾಧೀಶೆ ಮಾತ್ರ, "ಏನಾದ್ರೂ ಹೇಳ್ಬೇಕಾ ಮಗಳೇ?" ಎಂದು ಕೇಳಿದರು. ಲೆಮೋನಿಯಾ ಬಿಡಿಸಿ ಹೇಳಲು ಎದ್ದಳು. ಡಾಕ್ಟರ ವಕೀಲ ತಡೆದ. "ಬೇಡ ಮೇಡಂ. ತಾಯಿ ತನಗೆ ಬೇಕಾದ್ದನ್ನೇ ಹೇಳ್ತಾಳೆ."

"ಹಾಗಾದ್ರೆ ಅವಳೇ ಹೇಳಲಿ. ನಾವು ಕಾಯೋಣ."

ಕಾದರು. ಥಾಲಿಯಾಳ ಬಾಯಿಂದ ಒಂದೊಂದೇ ತುಣುಕು ಬರುತ್ತಿತ್ತು. ನ್ಯಾಯಾಧೀಶೆ ಅದನ್ನು ತಿರುಗಿ ಹೇಳಿ, ಸರಿಯಾ ಎಂದು ಕೇಳುತ್ತಿದ್ದರು. ತಪ್ಪಿದರೆ ಥಾಲಿಯಾ ಮತ್ತೆ ಶುರುಮಾಡುತ್ತಿದ್ದಳು. ಬೆವರು ಕುತ್ತಿಗೆಯಲ್ಲಿ ಇಳಿಯಿತು. ಮುಂಚೆ ನಕ್ಕವರು ಈಗ ನೆಲ ನೋಡುತ್ತಿದ್ದರು.

"ಬರೆದಿದ್ದು ನಾನೇ. ಪಂದ್ಯ ಭಾನುವಾರ ಇತ್ತು. ಬರೆದು ಮುಗಿಸಿದ್ದು ಗುರುವಾರ. ಅಮ್ಮ ಊಟ ಮಾಡಿಸ್ತಾಳೆ, ಅಪ್ಪ ಸ್ನಾನಕ್ಕೆ ಎತ್ಕೊಂಡು ಹೋಗ್ತಾನೆ. ನಾನು ದುಃಖದಲ್ಲಿಲ್ಲ. ಆದ್ರೆ ಅದು ಡಾಕ್ಟರ ಪುಣ್ಯ ಅಲ್ಲ."

ಸ್ವಲ್ಪ ಸುಧಾರಿಸಿಕೊಂಡು ಅವಳು ಡಾಕ್ಟರ ಕಡೆಗೆ ಕತ್ತು ತಿರುಗಿಸಲು ನೋಡಿದಳು. ಕತ್ತು ಕಿಟಕಿಯ ಕಡೆ ಹೊರಳಿತು. ಕಿಟಕಿಗೇ ಕೇಳಿದಳು: "ಯಾಕೆ ಬೇಗ ಬರಲಿಲ್ಲ?"

ಉತ್ತರ ಕೊಡಲೇಬೇಕೆಂದೇನಿರಲಿಲ್ಲ, ಅವರ ವಕೀಲ ತೋಳು ಹಿಡಿದು ಎಳೆದ. ಆದರೆ ಡಾಕ್ಟರು ಎದ್ದು ನಿಂತರು. ಅಷ್ಟು ಹೊತ್ತು ಕಾದು ಹುಟ್ಟಿದ ಪ್ರಶ್ನೆಗೆ ಸುಮ್ಮನಿರುವುದು ಅವರಿಗೂ ಆಗಲಿಲ್ಲವೇನೋ.

"ಮಗು, ತುರ್ತು ಅಂತ ಗೊತ್ತಾಗಿದ್ರೆ ಓಡಿ ಬರ್ತಿದ್ದೆ. ಮೊದಲ ಸಲ ಕರೆದಾಗ ಆ ನರ್ಸ್ ತುರ್ತು ಅಂತ ಹೇಳಲೇ ಇಲ್ಲ."

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ಮೊದಲ ಸಲ?"

ಡಾಕ್ಟರು ವಕೀಲನ ಮುಖ ನೋಡಿದರು.

"ಅವರನ್ಯಾಕೆ ನೋಡ್ತೀರಿ? ಒಂದೇ ಸಲ ಕರೆದಿದ್ದು ಅಂತ ಇಷ್ಟು ವರ್ಷ ಹೇಳಿದ್ದೀರಿ. ಎರಡನೇ ಸಲ ಕರೆದಾಗ ಏನು ಹೇಳಿದ್ಲು?"

"ನೆನಪಿಲ್ಲ... ಮನೇಲಿ ಗಲಾಟೆ ಇತ್ತು. ಸರಿಯಾಗಿ ಕೇಳಿಸ್ತಿರಲಿಲ್ಲ."

ಆಮೇಲೆ ವಕೀಲ ಎದ್ದು, ತನ್ನ ಕಕ್ಷಿದಾರರಿಗೆ ವಯಸ್ಸಾಗಿದೆ, ಮಾತು ತಪ್ಪಿ ಬಂದಿದೆ ಎಂದೆಲ್ಲ ವಾದಿಸಿದ. ಲೆಮೋನಿಯಾ ಅದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಎರಡೂ ಕೈಯಲ್ಲಿ ಗಾಲಿಕುರ್ಚಿಯ ಹಿಡಿಕೆಯನ್ನು ಹಿಡಿದು ನಿಂತಿದ್ದಳು.

ವಾಪಸು ಬರುವಾಗ ಕಾರಿನಲ್ಲಿ, ಅರ್ಧ ದಾರಿಯಲ್ಲಿ ಲೆಮೋನಿಯಾ, "ಕೇಳಿಸ್ತಾ ನಿನಗೆ? ಅವನೇ ಹೇಳಿದ," ಎಂದಳು. ಸ್ಟಾಥಿಸ್ ತಲೆಯಾಡಿಸಿದ. ಸ್ವಲ್ಪ ದೂರ ಹೋದ ಮೇಲೆ ಅದನ್ನೇ ಮತ್ತೆ ಹೇಳಿದಳು. ಥಾಲಿಯಾ ತಾಯಿಯ ತೋಳಿಗೆ ತಲೆ ಒರಗಿಸಿದಳು. ಕುಲುಕಾಟಕ್ಕೆ ತಲೆ ಮತ್ತೆ ಮತ್ತೆ ಜಾರುತ್ತಿತ್ತು. ಮತ್ತೆ ಮತ್ತೆ ಒರಗಿಸಿದಳು.

ತೀರ್ಪು ಬರುವಷ್ಟರಲ್ಲಿ ಬೇಸಿಗೆ ಕಳೆದಿತ್ತು. ತಪ್ಪು ಡಾಕ್ಟರದು ಮತ್ತು ಆಸ್ಪತ್ರೆಯದು ಎಂದು ಕೋರ್ಟು ಹೇಳಿತು. ಥಾಲಿಯಾಳ ಆರೈಕೆಯ ಖರ್ಚು ಬದುಕಿರುವತನಕ ಅವರೇ ಕೊಡಬೇಕು. ವಕೀಲೆ ಫೋನಿನಲ್ಲಿ ಕೂಗಿ ಹೇಳುತ್ತಿದ್ದರು. ಲೆಮೋನಿಯಾ "ಹೂಂ, ಹೂಂ" ಎಂದು ಕೇಳಿ, ಫೋನಿಟ್ಟು, ಬಿಡಿಸುತ್ತಿದ್ದ ಹುರುಳಿಕಾಯಿಯ ಮುಂದೆ ಕೂತಳು. ಎರಡು ಕಾಯಿ ಬಿಡಿಸಿ ನಿಲ್ಲಿಸಿದಳು.

"ಈಗ ನಾನೇನು ಮಾಡ್ಲಿ?" ಎಂದು ಕೇಳಿದಳು. ಯಾರನ್ನು ಕೇಳಿದಳೋ.

"ಮಲಕ್ಕೋ," ಎಂದಳು ಥಾಲಿಯಾ. ಒಂದೇ ಪದವಾದ್ದರಿಂದ ಬೇಗ ಬಂತು.

ಲೆಮೋನಿಯಾ ಎದ್ದು, ಏಪ್ರನ್ನನ್ನೂ ಬಿಚ್ಚದೆ ಒಳಕೋಣೆಗೆ ಹೋದಳು. ಸಂಜೆ ಸ್ಟಾಥಿಸ್ ಬಂದಾಗಲೂ ಏಳಲಿಲ್ಲ. ಅವನು ಬಾಗಿಲಲ್ಲಿ ನಿಂತು ಅವಳು ಉಸಿರಾಡುತ್ತಿದ್ದಾಳೋ ಎಂದು ನೋಡಿ, ಬಂದು ಹುರುಳಿಕಾಯಿ ಬೇಯಿಸಿದ. ಉಪ್ಪು ಹೆಚ್ಚಾಗಿತ್ತು. ಮಗಳಿಗೆ ಚಮಚದಲ್ಲಿ ತಿನ್ನಿಸುತ್ತಾ, "ಕೇಸು ಗೆದ್ವಾ?" ಎಂದು ಪಿಸುಮಾತಿನಲ್ಲಿ ಕೇಳಿದ. ಅವಳು ಹೌದೆಂದಳು. ಅವನು ಮುಂಗೈಯಿಂದ ಮೂಗು ಒರೆಸಿಕೊಂಡು, ಮತ್ತೊಂದು ಚಮಚ ತುಂಬಿದ.